ಬೇಲಿ ಕಿತ್ತ ಮೇಲೆ ಬಂದ ಹೆಬ್ಬಾತು: ಕೊಪ್ಪಳ ಜಿಲ್ಲೆಯ ಒಂದು ಕೆರೆ ಅಂಗಳದ ಪ್ರಕರಣ ಅಧ್ಯಯನ

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಕೆರೆ ಅಂಗಳದಲ್ಲಿ ಹಾಳಾಗಿದ್ದ ಹುಲ್ಲುಗಾವಲನ್ನು ಊರಿನ ಕೆಲವರೂ ಪಟ್ಟಣದ ಕೆಲವರೂ ಸೇರಿ ಮೂರು ಮಳೆಗಾಲಗಳ ಅವಧಿಯಲ್ಲಿ ಮತ್ತೆ ನೆಲೆಗೆ ತರಲು ನಡೆಸಿದ ಪ್ರಯತ್ನವನ್ನು ಇಲ್ಲಿ ದಾಖಲಿಸಿದ್ದೇನೆ. ನಾನು ಆ ಗುಂಪಿನಲ್ಲಿ ಮೊದಲ ದಿನದಿಂದಲೂ ಇದ್ದವನು. ಆದ್ದರಿಂದ ಮುಂದೆ ಬರುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ. ಊರಿನ ಹೆಸರನ್ನು ಎರಡು ಕಾರಣಕ್ಕೆ ಬರೆಯುತ್ತಿಲ್ಲ. ಅಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿವೆ, ಮತ್ತು ಅಲ್ಲಿನ ವಾದ ಇನ್ನೂ ಮುಗಿದಿಲ್ಲ.

ಸ್ಥಳ

ಕೆರೆಯ ಏರಿ ಪೂರ್ವಕ್ಕಿದೆ. ಪಶ್ಚಿಮದ ಬಂಡೆಗುಡ್ಡಗಳಿಂದ ಇಳಿಯುವ ಹಳ್ಳವೊಂದು ಅದಕ್ಕೆ ನೀರು ತರುತ್ತದೆ. ಗುಡ್ಡದ ಬುಡದಲ್ಲಿ ಕೆಂಪು ಮಸಾರಿ ನೆಲ, ತಗ್ಗಿಗೆ ಬಂದಂತೆ ಕಪ್ಪು ಎರೆ. ಮುಂಗಾರು ಈ ಸೀಮೆಯಲ್ಲಿ ಕೈಕೊಡುವುದೇ ಹೆಚ್ಚು. ಕೆರೆ ತುಂಬಬೇಕಾದರೆ ಸಾಮಾನ್ಯವಾಗಿ ಸೆಪ್ಟೆಂಬರ್ ಅಕ್ಟೋಬರಿನ ಉತ್ತರಿ, ಹಸ್ತ, ಚಿತ್ತಿ ಮಳೆಗಳೇ ಆಗಬೇಕು. ತುಂಬಿದ ವರ್ಷ ಬೇಸಿಗೆಯ ನಡುವಿನ ತನಕ ನೀರಿರುತ್ತದೆ, ತುಂಬದ ವರ್ಷ ಶಿವರಾತ್ರಿಗೇ ತಳ ಕಾಣುತ್ತದೆ.

ಈ ಪ್ರಕರಣದ ವಿಷಯ ನೀರಲ್ಲ, ನೀರು ಬಿಟ್ಟುಕೊಡುವ ನೆಲ. ಏರಿಯ ಬದಿಯಲ್ಲಿ ಕೆರೆ ಆಳವಾಗಿದೆ; ಪಶ್ಚಿಮದ ಬದಿ ಇಳಿಜಾರೇ ಇಲ್ಲವೇನೋ ಎಂಬಷ್ಟು ಸಮತಟ್ಟಾಗಿದೆ. ಅಲ್ಲಿ ನೀರು ಒಂದು ಗೇಣು ಇಳಿದರೆ ದಡ ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ ಸರಿಯುತ್ತದೆ. ಹೀಗೆ ದಿನದಿನಕ್ಕೂ ಹೊರಬರುವ ತೇವದ ನೆಲದಲ್ಲಿ, ಯಾರೂ ಬಿತ್ತದೆಯೇ, ಕೆಸರಿನಲ್ಲಿ ಮಲಗಿದ್ದ ಬೀಜಗಳು ಏಳುತ್ತವೆ: ನೀರಿನಂಚಿಗೆ ಜೇಕು ಮತ್ತು ಹೊನಗೊನ್ನೆ, ಅದರ ಹಿಂದೆ ಗರಗ, ಇನ್ನೂ ಮೇಲೆ ಕರಿಕೆ. ಏರಿಯ ಮೇಲೆ ನಿಂತು ನೋಡಿದರೆ ಹಸಿರು ಒಂದೇ ಬಣ್ಣದ್ದಲ್ಲ, ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಸುತ್ತಲಿನ ಹೊಲಗಳೆಲ್ಲ ಒಣಗಿ ಬಿರಿಯುವ ಹೊತ್ತಿನಲ್ಲಿ ಈ ಒಂದು ತುಂಡು ನೆಲದಲ್ಲಿ ಮೇವು, ಸೊಪ್ಪು, ಹುಳ, ಕಪ್ಪೆ, ಮೀನಿನ ಮರಿ ಎಲ್ಲವೂ ಇರುತ್ತವೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಬೇಕಾದದ್ದೂ ಇಂಥದೇ ನೆಲ. ರಾತ್ರಿ ಹೊಲಗಳಲ್ಲಿ ಮೇಯ್ದು, ಹಗಲಿನಲ್ಲಿ ನೀರಿನ ಪಕ್ಕ, ನಾಲ್ಕೂ ದಿಕ್ಕು ಕಾಣುವಂಥ ಬಯಲಿನಲ್ಲಿ ಕೂರುವುದು ಅವುಗಳ ರೂಢಿ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ ಈ ಹೆಬ್ಬಾತುಗಳಿಂದಲೇ ಹೆಸರಾದದ್ದು. ಅದೂ, ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಅಂಕಸಮುದ್ರವೂ 2024ರ ಜನವರಿ ಕೊನೆಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ನಮ್ಮ ಕೆರೆಗೆ ಅಂಥ ಯಾವ ಮಾನ್ಯತೆಯೂ ಇಲ್ಲ. 2017ರ ಜೌಗುಪ್ರದೇಶ ನಿಯಮಗಳ ಪ್ರಕಾರವಂತೂ ನೀರಾವರಿಗೆಂದೇ ಕಟ್ಟಿದ ಕೆರೆ ಜೌಗುಪ್ರದೇಶದ ವ್ಯಾಖ್ಯೆಯೊಳಗೇ ಬರುವುದಿಲ್ಲ. ಬಯಲುಸೀಮೆಯ ಹಕ್ಕಿಗಳಲ್ಲಿ ಬಹುಪಾಲು ಇಂಥ ಕಟ್ಟಿದ ಕೆರೆಗಳನ್ನೇ ನಂಬಿರುವಾಗ ಇದು ವಿಚಿತ್ರವಾದ ಬಿಡುಗಡೆ.

ಹಾಳಾದ ಬಗೆ

ಕೊಳವೆಬಾವಿಗಳು ಬಂದ ಮೇಲೆ ತೂಬಿನ ಕಡೆ ನೋಡುವವರು ಕಡಿಮೆಯಾದರು. ತೂಬು ತೆಗೆದು ಮುಚ್ಚಿ ನೀರು ಹಂಚುವ ನೀರುಗಂಟಿಯ ಕೆಲಸ ಹೆಸರಿಗೆ ಮಾತ್ರ ಉಳಿಯಿತು. ನೀರಿನ ಲೆಕ್ಕ ಇಡುವವರಿಲ್ಲದ ಕೆರೆಯ ಅಂಗಳ ಮಣ್ಣು ಒಯ್ಯುವವರ ಪಾಲಾಯಿತು. ಇಟ್ಟಿಗೆ ಭಟ್ಟಿಗೆ ಟ್ರ್ಯಾಕ್ಟರುಗಳು ಬಂದವು, ಆಮೇಲೆ ಊರಿನ ಕಸ ಬಂತು. ಇವುಗಳನ್ನು ಹೇಳಿ ಮುಂದೆ ಹೋಗಬಹುದು; ಎಲ್ಲ ಊರಿನ ಕತೆಯೂ ಇದೇ.

ಹೆಚ್ಚು ಹಾನಿ ಮಾಡಿದ ಎರಡು ಸಂಗತಿಗಳು ನೋಡಲು ಹಾನಿಯಂತೆ ಕಾಣುವಂಥವಲ್ಲ. ಮೊದಲನೆಯದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಗಿಡ ಅಮೆರಿಕ ಖಂಡದ್ದು. 1870ರ ದಶಕದ ಕೊನೆಯಲ್ಲಿ ಜಮೈಕಾದಿಂದ ಬೀಜ ತರಿಸಿ ಆಗಿನ ಮದ್ರಾಸ್ ಪ್ರಾಂತ್ಯದ ಕಡಪಾ ಸೀಮೆಯಲ್ಲಿ ಉರುವಲಿಗೆಂದು ಬೆಳೆಸಿದ್ದು, ಅಲ್ಲಿಂದ ಯಾರ ಅಪ್ಪಣೆಯನ್ನೂ ಕಾಯದೆ ಹಬ್ಬಿತು. ಅದರ ಕಾಯಿ ಸಿಹಿ. ಆಡು, ಕುರಿ, ದನ ತಿಂದು ಹೋದಲ್ಲೆಲ್ಲ ಸಗಣಿ ಹಿಕ್ಕೆಗಳ ಜೊತೆ ಬೀಜ ಬೀಳುತ್ತದೆ, ಗಟ್ಟಿ ಸಿಪ್ಪೆಯ ಬೀಜ ವರ್ಷಗಟ್ಟಲೆ ನೆಲದಲ್ಲಿ ಕಾಯುತ್ತದೆ. ತೇವವಿರುವ ಕೆರೆ ಅಂಗಳ ಅದಕ್ಕೆ ಹೇಳಿ ಮಾಡಿಸಿದ ಜಾಗ. ಹತ್ತು ಹನ್ನೆರಡು ವರ್ಷದಲ್ಲಿ ಹುಲ್ಲಿನ ಮೇಲ್ಪಟ್ಟಿ ಪೂರ್ತಿ ಮುಳ್ಳಿನ ಪೊದೆಯಾಯಿತು.

ಎರಡನೆಯದು ಹೂಳೆತ್ತುವ ಕೆಲಸ. ಉದ್ಯೋಗ ಖಾತ್ರಿಯಲ್ಲಿ ಕೂಲಿ ಸಿಗುವುದು ತೋಡಿದ ಮಣ್ಣಿನ ಅಳತೆಯ ಮೇಲೆ. ಅಳತೆಗೆ ಕೆಲಸ ಮಾಡುವ ಯಾರೇ ಆದರೂ ಮಣ್ಣು ಮೆದುವಾಗಿರುವ ಕಡೆ, ನೀರಿಲ್ಲದ ಕಡೆ, ಚೌಕಾಕಾರದ ಗುಂಡಿ ತೋಡುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಏರಿಯ ಬುಡದಲ್ಲಿ ಹೂಳು ಹಾಗೆಯೇ ಉಳಿದು, ಎತ್ತಬಾರದಿದ್ದ ಪಶ್ಚಿಮದ ಇಳಿಜಾರು ಸಾಲು ಸಾಲು ಗುಂಡಿಯಾಯಿತು. ಗೋಡೆಯಂಥ ಅಂಚಿನ ಗುಂಡಿಯಲ್ಲಿ, ತೆಳು ನೀರಿನಲ್ಲಿ ನಡೆದು ಮೇಯುವ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗೆ ನಿಲ್ಲಲು ನೆಲೆಯಿಲ್ಲ. ಗುಂಡಿಗಳ ನಡುವಿನ ದಿಬ್ಬಗಳ ಮೇಲೆ ಏನು ಬೆಳೆಯಿತೆಂದು ಬೇರೆ ಹೇಳಬೇಕಿಲ್ಲ: ಜಾಲಿ.

ಮೊದಲ ವರ್ಷ

ಕೊಪ್ಪಳದಲ್ಲಿ ಶ್ರಮದಾನಕ್ಕೆ ಜನ ಸೇರಿಸುವುದು ಕಷ್ಟವಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳವನ್ನು ಸ್ವಚ್ಛಗೊಳಿಸಿದ ಮೇಲೆ, ಹಳ್ಳ ಕೆರೆಗಳ ಕೆಲಸವೆಂದರೆ ಸಲಿಕೆ ಹಿಡಿದು ಬರುವ ರೂಢಿ ಈ ಕಡೆ ಬೆಳೆದಿದೆ. ನಮ್ಮ ಮೊದಲ ಭಾನುವಾರಕ್ಕೂ ಅದೇ ಹುರುಪು ಇತ್ತು. ಆದರೆ ಹುರುಪಿನ ಜೊತೆ ಅದೇ ಚಿತ್ರವೂ ಬಂತು: ತುಂಬಿದ್ದನ್ನು ತೆಗೆಯಬೇಕು, ಬೆಳೆದದ್ದನ್ನು ಕಡಿಯಬೇಕು, ನೀರು ಹರಿಯಬೇಕು. ಹಳ್ಳಕ್ಕೆ ಅದು ಸರಿಯಾದ ಮದ್ದು. ಹುಲ್ಲುಗಾವಲಿಗೆ ಬೇರೆ ಮದ್ದು ಬೇಕೆಂದು ನಮಗೆ ತಿಳಿಯಲು ಒಂದೂವರೆ ವರ್ಷ ಹಿಡಿಯಿತು.

ಜಾಲಿಯ ಕೆಲಸ ಮಾತ್ರ ಮೊದಲಿನಿಂದಲೂ ದಾರಿ ತಪ್ಪಲಿಲ್ಲ, ಏಕೆಂದರೆ ಅದನ್ನು ಬಲ್ಲವರು ನಮ್ಮೊಂದಿಗಿದ್ದರು. ನೆಲದ ಮಟ್ಟಕ್ಕೆ ಕಡಿದರೆ ಒಂದು ಬೊಡ್ಡೆಗೆ ಹತ್ತು ಚಿಗುರು ಬರುತ್ತವೆ. ಚಿಗುರುವ ಕಣ್ಣುಗಳಿರುವುದು ಬೇರಿನ ತಲೆಯಲ್ಲಿ; ಆದ್ದರಿಂದ ಬೊಡ್ಡೆಯ ಸುತ್ತ ಒಂದಡಿಯಷ್ಟು ಅಗೆದು, ಆ ತಲೆಯನ್ನು ಬೇರಿನಿಂದ ಕತ್ತರಿಸಿ ಹೊರತೆಗೆಯಬೇಕು. ಬೇಸಿಗೆಯಲ್ಲಿ ಹಾರೆಗೂ ಜಗ್ಗದ ಎರೆನೆಲ ಎರಡು ಮಳೆ ಬಿದ್ದ ಮೇಲೆ ಪಿಕಾಸಿಗೆ ಒಪ್ಪುತ್ತದೆ. ಹಾಗಾಗಿ ಈ ಕೆಲಸಕ್ಕೆ ಜೂನ್ ತಿಂಗಳ ಮಿರಗ ಮಳೆಯ ನಂತರದ ವಾರಗಳೇ ಸರಿ. ಕಟ್ಟಿಗೆಯನ್ನು ಇದ್ದಿಲು ಸುಡುವವರಿಗೆ ಬಿಟ್ಟುಕೊಟ್ಟೆವು. ಕಡಿದ ಪ್ರತಿ ಗಿಡದ ಬೊಡ್ಡೆಯನ್ನೂ ಕಿತ್ತೇ ಹೋಗಬೇಕೆಂಬುದು ಅವರೊಡನೆ ಆದ ಒಪ್ಪಂದ. ಊರಿನ ಹೆಣ್ಣುಮಕ್ಕಳು ಒಲೆಗೆ ಈ ಕಟ್ಟಿಗೆಯನ್ನೇ ನಂಬಿದ್ದರಿಂದ ರಸ್ತೆಯ ಬದಿಯ ಒಂದು ಪಟ್ಟಿಯನ್ನು ಕೀಳದೆ ಉಳಿಸಿದೆವು. ಅದನ್ನೂ ಕೀಳಬೇಕೆಂದು ಪಟ್ಟಣದ ಗೆಳೆಯರು ವಾದಿಸಿದರು. ಅವರ ಮನೆಯಲ್ಲಿ ಗ್ಯಾಸ್ ಇತ್ತು.

ತಪ್ಪು ಆದದ್ದು ಬೇಲಿಯಲ್ಲಿ. ತೆರವಾದ ನೆಲದಲ್ಲಿ ಹುಲ್ಲು ಬೇರೂರುವ ತನಕ ದನ ಕುರಿ ಬಾರದಿರಲಿ ಎಂದು, ಕಿತ್ತ ಜಾಲಿಯ ಮುಳ್ಳನ್ನೇ ಸುತ್ತ ಒತ್ತಿ ಬೇಲಿ ಹಾಕಿದೆವು. ಖರ್ಚಿಲ್ಲದ ಬೇಲಿ ಎಂದು ಎಲ್ಲರಿಗೂ ಹಿಗ್ಗು. ಆ ಮುಳ್ಳಿನಲ್ಲಿ ಒಣಗಿದ ಕಾಯಿಗಳಿದ್ದವು. ಆಡುಗಳು ಹೊರಗೆ ನಿಂತೇ ಅವನ್ನು ತಿಂದವು. ಮರು ಮಳೆಗಾಲದಲ್ಲಿ ಬೇಲಿಯ ಉದ್ದಕ್ಕೂ, ಗೆರೆ ಎಳೆದು ಬಿತ್ತಿದ ಹಾಗೆ, ಜಾಲಿ ಸಸಿಗಳು ಎದ್ದವು.

ಬೇಲಿ ಹಾಕುವ ತೀರ್ಮಾನವಾದ ಸಭೆಯಲ್ಲಿ ಕುರುಬರು ಯಾರೂ ಇರಲಿಲ್ಲ. ಅವರು ಒಪ್ಪಿದ್ದಾರೆಂದೇ ನಾವು ತಿಳಿದಿದ್ದೆವು. ಸಭೆ ನಡೆದದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಕುರಿ ಕಾಯುವವನು ಆ ಹೊತ್ತಿನಲ್ಲಿ ಎಲ್ಲಿರುತ್ತಾನೆಂದು ನಮ್ಮಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ಹುಲ್ಲು ಮುದಿಯಾದದ್ದು

ಆ ವರ್ಷ ಹಿಂಗಾರು ಚೆನ್ನಾಗಿ ಆಯಿತು. ಕೆರೆ ತುಂಬಿ, ಇಳಿಯಲು ತೊಡಗಿದಾಗ ಬೇಲಿಯೊಳಗೆ ಹುಲ್ಲು ಸೊಂಟದುದ್ದ ಬೆಳೆಯಿತು. ನೀರಿನಂಚಿನಲ್ಲಿ ಜೊಂಡು ಗೋಡೆ ಕಟ್ಟಿತು. ನಾವು ಫೋಟೋ ತೆಗೆದೆವು, ಊರಿನವರಿಗೆ ತೋರಿಸಿದೆವು. ಡಿಸೆಂಬರಿನಲ್ಲಿ ಹೆಬ್ಬಾತುಗಳ ಒಂದು ಹಿಂಡು ಮೂರು ದಿನ ಬೆಳಿಗ್ಗೆ ಕೆರೆಯ ಮೇಲೆ ಸುತ್ತು ಹಾಕಿತು, ಇಳಿಯಲಿಲ್ಲ. ಟಿಟ್ಟಿಭಗಳು ಬೇಲಿಯ ಹೊರಗೆ, ದನ ಓಡಾಡುವ ಗುಂಡಿಗಳ ನಡುವಿನ ಬೋಳು ನೆಲದಲ್ಲೇ ಇದ್ದವು. ಸೊಪ್ಪು ಕೊಯ್ಯಲು ಬರುತ್ತಿದ್ದ ಹೆಂಗಸರೂ ಹಾವಿನ ಭಯಕ್ಕೆ ಒಳಗೆ ಕಾಲಿಡಲಿಲ್ಲ.

ಏಕೆ ಹೀಗೆ ಎಂದು ನಾವು ಪುಸ್ತಕ ಹುಡುಕುತ್ತಿರುವಾಗ, ಏರಿಯ ಮೇಲೆ ಕಂಬಳಿ ಹಾಸಿ ಕೂತಿದ್ದ ಹಿರಿಯ ಕುರುಬರೊಬ್ಬರು ಉತ್ತರ ಹೇಳಿದರು. "ಹುಲ್ಲ ಮೇಯ್ದಷ್ಟು ಚಿಗರತೈತ್ರಿ, ಮೇಯಿಸಲಿಲ್ಲಂದ್ರ ಮುದಿ ಆಕ್ಕೈತಿ. ಮೊಣಕಾಲ ದಾಟಿದ ಹುಲ್ಲಿಗೆ ನಮ್ಮ ಕುರಿನೂ ಬಾಯಿ ಹಾಕಂಗಿಲ್ಲ. ನೀವು ಹಕ್ಕಿ ಕರಿಯಾಕ ಬೇಲಿ ಹಾಕೀರೋ, ಹಾವು ಕರಿಯಾಕೋ?" ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಪುಸ್ತಕದಲ್ಲೂ ಅದೇ ಇತ್ತು. ರಾಜಸ್ಥಾನದ ಭರತ್‌ಪುರದ ಕೇವಲಾದೇವ ಉದ್ಯಾನದಲ್ಲಿ 1982ರಲ್ಲಿ ಎಮ್ಮೆ ದನಗಳ ಮೇಯಿಸುವಿಕೆಯನ್ನು ನಿಷೇಧಿಸಲಾಯಿತು. ಪ್ರತಿಭಟನೆಯ ಮೇಲೆ ಗೋಲಿಬಾರ್ ನಡೆದು ಜನ ಸತ್ತರು. ಆದರೆ ಮುಂದಿನ ವರ್ಷಗಳಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ನಡೆಸಿದ ದೀರ್ಘ ಅಧ್ಯಯನದಲ್ಲಿ ಕಂಡುಬಂದದ್ದು ಬೇರೆ: ಎಮ್ಮೆಗಳಿಲ್ಲದೆ ನೀರುಹುಲ್ಲು ಮಿತಿಮೀರಿ ಬೆಳೆದು, ತೆರೆದ ನೀರು ಮುಚ್ಚಿಹೋಗಿ, ಅನೇಕ ನೀರಹಕ್ಕಿಗಳಿಗೆ ತೊಂದರೆಯೇ ಆಗಿತ್ತು. ದೇಶದ ಹೆಸರಾಂತ ಪಕ್ಷಿಧಾಮದಲ್ಲಿ ನಡೆದ ತಪ್ಪನ್ನು ನಾವು ನಾಲ್ಕು ದಶಕದ ನಂತರ, ಹಳ್ಳಿಯ ಕೆರೆಯಲ್ಲಿ, ಮುಳ್ಳಿನ ಬೇಲಿ ಹಾಕಿ ಮತ್ತೊಮ್ಮೆ ಮಾಡಿದ್ದೆವು.

ಜನವರಿಯಲ್ಲಿ ಒಂದು ರಾತ್ರಿ ಯಾರೋ ಬೇಲಿಯನ್ನು ಎರಡು ಕಡೆ ಎಳೆದು ಹಾಕಿದರು. ದೂರು ಕೊಡಬೇಕೆಂದು ಗುಂಪಿನಲ್ಲಿ ಕೆಲವರು ಹೇಳಿದರು. ಕೊಡಲಿಲ್ಲ. ಎಳೆದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಅವರು ಮಾಡಿದ್ದು ಸರಿಯೆಂದು ಮಾತ್ರ ತಿಳಿದಿದೆ. ಉಳಿದ ಬೇಲಿಯನ್ನು ನಾವೇ ಕಿತ್ತೆವು.

ಮಳೆಗಳ ಲೆಕ್ಕದ ಕಟ್ಟಳೆ

ಮುಂದಿನ ಸಭೆಯನ್ನು ಕುರಿ ದೊಡ್ಡಿಗೆ ಸೇರಿದ ಮೇಲೆ, ರಾತ್ರಿ ಎಂಟಕ್ಕೆ ಕರೆದೆವು. ಅಲ್ಲಿ ರೂಪುಗೊಂಡ ಕಟ್ಟಳೆಯೇ ಈ ಪ್ರಕರಣದಲ್ಲಿ ಬೇರೆಯವರಿಗೆ ಉಪಯೋಗಕ್ಕೆ ಬರಬಹುದಾದ ಭಾಗ. ಅದನ್ನು ರೂಪಿಸಿದ ಶ್ರೇಯಸ್ಸಿನಲ್ಲಿ ನಮ್ಮ ಪಾಲು ಕಡಿಮೆ. ನಾವು ತಿಂಗಳುಗಳ ಪಟ್ಟಿ ಬರೆದುಕೊಂಡು ಹೋಗಿದ್ದೆವು. ಅವರು ಅದನ್ನು ಪಕ್ಕಕ್ಕಿಟ್ಟು ಮಳೆ ನಕ್ಷತ್ರಗಳಲ್ಲಿ ಮಾತಾಡಿದರು, ಏಕೆಂದರೆ ಕೆರೆ ತುಂಬುವುದೂ ಇಳಿಯುವುದೂ ಕ್ಯಾಲೆಂಡರ್ ನೋಡಿಯಲ್ಲ.

ಹುಬ್ಬಿ ಮಳೆಯಿಂದ ಸ್ವಾತಿ ಮುಗಿಯುವ ತನಕ, ಅಂದರೆ ಸುಮಾರು ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ವಾರದ ತನಕ, ನೀರು ಏರುವ ಕಾಲ. ಆಗ ಇಳಿಜಾರಿನಲ್ಲಿ ಕುರಿ ಬೇಡ, ಹಸಿ ನೆಲದಲ್ಲಿ ಮೇಯ್ದರೆ ಕುರಿಗೂ ರೋಗ ಎಂದು ಅವರೇ ಹೇಳಿದರು. ಆ ಅವಧಿಯಲ್ಲಿ ಕುರಿಗಳನ್ನು ಹೊಲಗಳಲ್ಲಿ ತರುಬಿಸುವುದು, ಅಂದರೆ ರಾತ್ರಿ ತಂಗಿಸುವುದು, ಹೇಗೂ ಇದೆ, ರೈತರಿಗೆ ಗೊಬ್ಬರವೂ ಆಯಿತು. ನೀರು ಇಳಿಯತೊಡಗಿದ ಮೇಲೆ ಮೊದಲು ಎಮ್ಮೆ ಇಳಿಯಬೇಕು: ಎಮ್ಮೆ ಕೆಸರಿನಲ್ಲಿ ಹೊರಳಿ, ತುಳಿದು ಜೊಂಡನ್ನು ಒಡೆಯುತ್ತದೆ, ನಾವು ಕುಡುಗೋಲು ಹಿಡಿದು ವಾರವಿಡೀ ಮಾಡಿದ ಕೆಲಸವನ್ನು ಎರಡು ದಿನದಲ್ಲಿ ಮುಗಿಸುತ್ತದೆ. ಆಮೇಲೆ ದನ, ಕೊನೆಗೆ ಕುರಿ. ಕುರಿ ಹುಲ್ಲನ್ನು ಬುಡಮಟ್ಟ ಕತ್ತರಿಸುವುದರಿಂದ ಒಂದೇ ಕಡೆ ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸುವಂತಿಲ್ಲ. ಹೆಬ್ಬಾತುಗಳಿರುವ ವಾರಗಳಲ್ಲಿ ಬೆಳಗಿನ ಹೊತ್ತು ಪಶ್ಚಿಮದ ಅಂಚಿಗೆ ನಾಯಿಗಳನ್ನು ಬಿಡುವಂತಿಲ್ಲ. ಯುಗಾದಿಯಿಂದ ರೋಹಿಣಿ ಮಳೆಯ ತನಕ, ಟಿಟ್ಟಿಭಗಳೂ ಮೆಟ್ಟುಗಾಲು ಹಕ್ಕಿಗಳೂ ಮೊಟ್ಟೆಯಿಡುವ ಒಂದು ತುಂಡು ಬೋಳು ನೆಲದ ಸುತ್ತ ಸುಣ್ಣ ಬಳಿದ ಕಲ್ಲುಗಳನ್ನಿಟ್ಟು, ಆ ಗೆರೆಯೊಳಗೆ ಮನುಷ್ಯರೂ ಸೇರಿ ಯಾರೂ ಹೋಗುವಂತಿಲ್ಲ. ಜಾಲಿ ಕಾಯಿ ಉದುರುವ ದಿನಗಳಲ್ಲಿ ರಸ್ತೆ ಬದಿಯ ಪಟ್ಟಿಯಲ್ಲಿ ಮೇಯ್ದ ಹಿಂಡು ಅಂದೇ ಅಂಗಳಕ್ಕೆ ಇಳಿಯಬಾರದೆಂಬ ನಿಯಮವೂ ಇತ್ತು. ಇದೊಂದನ್ನು ಯಾರೂ ಪಾಲಿಸಲಿಲ್ಲ, ಪಾಲಿಸುವುದು ಸಾಧ್ಯವೂ ಇರಲಿಲ್ಲ. ಅದರ ಬದಲು ಪ್ರತಿ ಮುಂಗಾರಿನಲ್ಲಿ ಶಾಲೆಯ ಮಕ್ಕಳೊಂದಿಗೆ ಗೇಣುದ್ದದ ಸಸಿಗಳನ್ನು ಕೈಯಲ್ಲೇ ಕೀಳುತ್ತಿದ್ದೇವೆ. ಎರಡೆಲೆಯ ಹಂತದಲ್ಲಿ ಬಳ್ಳಾರಿ ಜಾಲಿಯಷ್ಟು ಸಾಧುವಾದ ಗಿಡ ಮತ್ತೊಂದಿಲ್ಲ.

ಹೂಳಿನ ವಿಚಾರದಲ್ಲಿ ಪಂಚಾಯಿತಿಯೊಡನೆ ಎರಡು ಬಾರಿ ಮಾತುಕತೆ ಆಯಿತು. ಖಾತ್ರಿ ಕೆಲಸ ನಿಲ್ಲಿಸಿ ಎಂದು ಕೇಳುವುದು ಕೂಲಿಯವರ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಆದ್ದರಿಂದ ಕೆಲಸ ಏರಿಯ ಬದಿಗೆ ಬರಲಿ, ಪಶ್ಚಿಮದ ಗುಂಡಿಗಳ ನಡುವಿನ ದಿಬ್ಬಗಳನ್ನು ಸಮ ಮಾಡುವುದೂ ಅದೇ ಕೆಲಸದ ಲೆಕ್ಕಕ್ಕೆ ಸೇರಲಿ ಎಂದು ಕೇಳಿಕೊಂಡೆವು. ಮೊದಲನೆಯದು ಆಯಿತು, ಏರಿಯ ಬುಡದ ಕಪ್ಪು ಹೂಳನ್ನು ಮಸಾರಿ ಹೊಲದವರು ತಮ್ಮ ಟ್ರಾಲಿಗಳಲ್ಲೇ ಒಯ್ದರು. ಎರಡನೆಯದು ಆಗಲಿಲ್ಲ, ಅರ್ಧದಷ್ಟು ದಿಬ್ಬಗಳನ್ನು ನಾವೇ ಸಲಿಕೆಯಲ್ಲಿ ಇಳಿಸಿದೆವು. ಮೇಲ್ಪಟ್ಟಿಯಲ್ಲಿ ಸಸಿ ನೆಡುವ ಪ್ರಸ್ತಾಪವನ್ನು ತಡೆಯುವುದು ಇದಕ್ಕಿಂತ ಕಷ್ಟವಾಯಿತು. ಮರ ಬೇಡ ಎನ್ನುವ ಪರಿಸರದವರನ್ನು ಯಾರೂ ನಂಬುವುದಿಲ್ಲ. ಹೆಬ್ಬಾತಿಗೆ ಬಯಲು ಬೇಕು, ಮರವಿದ್ದರೆ ಅದರಲ್ಲಿ ಗಿಡುಗ ಕೂರುತ್ತದೆ ಎಂದು ತಿಳಿಸಿ ಹೇಳಿ, ಕೊನೆಗೆ ಬೇವಿನ ಸಸಿಗಳನ್ನು ಏರಿಯ ಆಚೆ ದಾರಿಗೆ ನೆಟ್ಟೆವು. ಅಂಗಳದ ಗಿಡ, ಹಕ್ಕಿ, ಮೀನು, ಸೊಪ್ಪುಗಳ ಪಟ್ಟಿಯನ್ನು 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿರುವ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಿದೆವು. ಜೌಗುಪ್ರದೇಶ ನಿಯಮ ಕೈಬಿಟ್ಟ ಕೆರೆಗೆ ಕಾಗದದ ಮೇಲೆ ಸಿಕ್ಕ ಆಸರೆ ಸದ್ಯಕ್ಕೆ ಅದೊಂದೇ.

ನೋಡಲು ಬರುವವರು

ಏರಿ ಪೂರ್ವಕ್ಕಿರುವುದು ನಮ್ಮ ಅದೃಷ್ಟ. ಬೆಳಿಗ್ಗೆ ಅದರ ಮೇಲೆ ನಿಂತವರಿಗೆ ಸೂರ್ಯ ಬೆನ್ನಿಗೆ ಬರುತ್ತಾನೆ, ಎದುರಿನ ಹುಲ್ಲು ಹಕ್ಕಿಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಹಾಗಾಗಿ ವೀಕ್ಷಣಾ ಗೋಪುರ ಬೇಕೆಂಬ ಬೇಡಿಕೆಯನ್ನು ಕೈಬಿಟ್ಟು, ಏರಿಯ ಮುಳ್ಳು ತೆಗೆದು ಕಾಲುದಾರಿ ಮಾಡಿ, ಮೂರು ಕಡೆ ಚಪ್ಪಡಿ ಕಲ್ಲು ಹಾಸಿದೆವು. ಗವಿಮಠದ ಜಾತ್ರೆ ಜನವರಿಯ ಹೊತ್ತಿಗೆ ಬರುತ್ತದೆ, ಹೆಬ್ಬಾತುಗಳಿರುವುದೂ ಆಗಲೇ. ಜಾತ್ರೆಗೆ ಬಂದ ನೆಂಟರನ್ನು ಕರೆದುಕೊಂಡು ಬರುವವರು ಈಗ ಇದ್ದಾರೆ. ಫಲಕದಲ್ಲಿ ಹಕ್ಕಿಗಳ ಪುಸ್ತಕದ ಹೆಸರಿನ ಜೊತೆ ಕುರುಬರು ಕರೆಯುವ ಹೆಸರನ್ನೂ ಬರೆಸಿದ್ದೇವೆ. ತೊಂದರೆ ಕೊಟ್ಟವರು ನೆಂಟರಲ್ಲ, ದೊಡ್ಡ ಲೆನ್ಸಿನವರು. ಮೊಟ್ಟೆಯ ಫೋಟೋಗಾಗಿ ಸುಣ್ಣದ ಗೆರೆ ದಾಟಿದ ಒಬ್ಬರನ್ನು ಎಮ್ಮೆ ಕಾಯುವ ಹುಡುಗನೊಬ್ಬ ಏರಿಯ ತನಕ ನಡೆಸಿಕೊಂಡು ಬಂದು, "ಸರ್, ನಮ್ಮ ಎಮ್ಮಿನೂ ಈ ಗೆರಿ ದಾಟಂಗಿಲ್ರಿ" ಎಂದ.

ಈಗಿನ ಸ್ಥಿತಿ

ಬೇಲಿ ಕಿತ್ತ ನಂತರದ ಮೊದಲ ಚಳಿಗಾಲದಲ್ಲಿ, ಎಮ್ಮೆ ತುಳಿದು ತೆರೆದಿದ್ದ ಅಂಚಿಗೆ ಹೆಬ್ಬಾತುಗಳು ಇಳಿದವು. ಕೆಲವು ಬೆಳಗುಗಳಲ್ಲಿ ಮಧ್ಯಾಹ್ನದ ತನಕ ಕೂತಿದ್ದವು. ಬಾಗಿದ ಕೊಕ್ಕಿನ ಮಿಂಚು ಕೆಂಬರಲುಗಳೂ ಬಾಲ ಕುಣಿಸುವ ಪುಟ್ಟ ಹಳದಿ ಸಿಪಿಲೆಗಳೂ ದನಗಳ ಕಾಲಿನ ನಡುವೆಯೇ ಹುಳ ಆರಿಸಿದವು. ಮರುವರ್ಷ ಕೆರೆ ಕಾಲು ಭಾಗವೂ ತುಂಬಲಿಲ್ಲ, ಹೆಬ್ಬಾತು ಬರಲಿಲ್ಲ. ಇದರಿಂದ ನಮ್ಮ ಕೆಲಸ ಸಫಲವೆಂದಾಗಲಿ ವಿಫಲವೆಂದಾಗಲಿ ಹೇಳಲು ನಾನು ಸಿದ್ಧನಿಲ್ಲ. ಕೆಲಸಕ್ಕೆ ಬರುವವರ ಸಂಖ್ಯೆ ಕಡಿಮೆಯಾಗಿದೆ. ಹುಡುಗರು ಕಾರ್ಖಾನೆಯ ಪಾಳಿಗೆ ಹೋಗುತ್ತಾರೆ, ಬೆಂಗಳೂರಿಗೆ ಹೋಗುತ್ತಾರೆ.

ಈಗ ಬಂದಿರುವ ಪ್ರಶ್ನೆ ದೊಡ್ಡದು. ನದಿಯಿಂದ ನೀರೆತ್ತಿ ಕೆರೆ ತುಂಬಿಸುವ ಯೋಜನೆಗೆ ನಮ್ಮ ಕೆರೆಯೂ ಸೇರಬೇಕೆಂದು ಊರು ಕೇಳುತ್ತಿದೆ. ಕೊಳವೆಬಾವಿಗಳು ಬತ್ತಿರುವಾಗ ಈ ಬೇಡಿಕೆಯನ್ನು ತಪ್ಪೆನ್ನಲಾಗದು, ಮೀನಿನ ಗುತ್ತಿಗೆದಾರರಿಗೂ ಅದೇ ಬೇಕು. ಆದರೆ ವರ್ಷವಿಡೀ ತುಂಬಿರುವ ಕೆರೆಗೆ ಅಂಗಳವಿರುವುದಿಲ್ಲ; ಇಳಿಯದ ನೀರಿನ ಅಡಿಯಲ್ಲಿ ಜೇಕಿನ ಬೀಜ ಏಳುವುದಿಲ್ಲ, ಬೇಸಿಗೆಯ ಮೇವೂ ಸಿಗುವುದಿಲ್ಲ. ಇದನ್ನು ಸಭೆಯಲ್ಲಿ ಮೊದಲು ಎತ್ತಿದವರು ನಾವಲ್ಲ, ಕುರುಬರು. ಹೋದ ಅಮಾವಾಸ್ಯೆಯ ಮರುದಿನ ಹಿಂದಿನ ನೀರುಗಂಟಿಯ ಮಗನನ್ನು ಕರೆದುಕೊಂಡು ಹೋಗಿ, ತೂಬಿನ ಕಲ್ಲುಕಂಬದ ಮೇಲೆ ಒಂದು ಕೆಂಪು ಗೆರೆ ಎಳೆಸಿದ್ದೇವೆ. ಏತದ ನೀರು ಬಂದರೆ, ಸ್ವಾತಿ ಕಳೆದ ಮೇಲೆ ಆ ಗೆರೆಗಿಂತ ಮೇಲೆ ತುಂಬಿಸಬಾರದು ಎಂಬುದು ನಮ್ಮ ಕೋರಿಕೆ. ಗೆರೆ ಒಂದು ಮೊಳ ಕೆಳಗಿರಬೇಕೆಂದು ಕುರುಬರು, ಎರಡು ಮೊಳ ಮೇಲಿರಬೇಕೆಂದು ಕೆರೆ ಕೆಳಗಿನ ರೈತರು ಹೇಳುತ್ತಿದ್ದಾರೆ. ಮುಂದಿನ ಸಭೆಯೂ ರಾತ್ರಿ ಎಂಟಕ್ಕೇ ಇದೆ.